ಬೇಳೆ ಮಡಕೆ

ಬೇಳೆ ಮತ್ತೆ ಇಳಿದಿತ್ತು. ರೇವಮ್ಮ ಮಡಕೆಯೊಳಗೆ ಕೈ ಬಿಟ್ಟು ನೋಡಿದಳು. ಮೊನ್ನೆ ಮಣಿಕಟ್ಟಿಗೇ ಸಿಕ್ಕಿದ ಕಡಲೆಬೇಳೆ ಇಂದು ಮೊಣಕೈ ಮುಳುಗಿದರೂ ಸಿಗಲಿಲ್ಲ. ಪಕ್ಕದ ಬುಟ್ಟಿಯಲ್ಲಿ ಬೆಲ್ಲದ ಅಚ್ಚುಗಳೂ ಕಡಿಮೆಯಾಗಿದ್ದವು.

ಉಗ್ರಾಣದ ಬೀಗದ ಕೈ ಒಂದು ಅವಳ ಸೊಂಟದಲ್ಲಿತ್ತು. ಇನ್ನೊಂದು ಅತ್ತೆ ಗುರುಸಿದ್ದಮ್ಮನ ಸೊಂಟದಲ್ಲಿತ್ತು.

ಗೌರಿ ಹಬ್ಬ ಹತ್ತಿರ ಬಂದಿತ್ತು. ಹೊಳೆನರಸೀಪುರದ ಆ ಬೀದಿಯ ಜಗಲಿಗಳ ಮೇಲೆ ಅರಿಶಿನ ಬಳಿದ ಮೊರಗಳು ಒಣಗುತ್ತಿದ್ದವು. ಮೊರದೊಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ತುಂಬಿ, ಮೇಲೊಂದು ಮೊರ ಕವುಚಿ ದಾರ ಸುತ್ತಿದರೆ ಬಾಗಿನ. ಮದುವೆಯಾಗಿ ಹೋದ ಮಗಳಿಗೆ ತವರಿನಿಂದ ಅದು ಬರಲೇಬೇಕು. ಬಾರದವಳನ್ನು ಬೀದಿ ಸುಮ್ಮನೆ ಬಿಡುವುದಿಲ್ಲ.

ಈ ಮನೆಯ ಮಗಳು ನೀಲಾಂಬಿಕೆ ಅರಕಲಗೂಡಿನಲ್ಲಿದ್ದಳು. ಅವಳ ಬಾಗಿನವನ್ನು ರೇವಮ್ಮನೇ ತುಂಬುತ್ತಿದ್ದಳು. ಮಾವ ತೀರಿಕೊಂಡ ವರ್ಷವೇ ಅತ್ತೆಗೆ ನೇರವಾಗಿ ಹೇಳಿದ್ದಳು: "ಮುತ್ತೈದೇರ್ ಮೊರ ಇದು. ನೀವ್ ಕೈ ಆಕ್ಬ್ಯಾಡಿ." ಗುರುಸಿದ್ದಮ್ಮ ಆಮೇಲೆ ಮೊರದ ಹತ್ತಿರ ಸುಳಿದಿರಲಿಲ್ಲ.

ಸುಳಿಯದವಳು ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಳು ರೇವಮ್ಮ. ಸೊಸೆ ತುಂಬಿದ್ದು ಸಾಲದೆಂದು ಮಗಳಿಗೆ ಕದ್ದು ಇನ್ನೊಂದು ಬಾಗಿನ ಕಟ್ಟುತ್ತಿದ್ದಾಳೆ ಮುದುಕಿ.

ಸಂಜೆ ಗುರುಸಿದ್ದಮ್ಮ ಸೆರಗಿನಡಿ ಏನನ್ನೋ ಹಿಡಿದು ಹೊಸ್ತಿಲು ದಾಟಿದಳು.

"ಎಲ್ಗೋಯ್ತಿದ್ದೀರ, ಅತ್ತೆ?"

"ಮಠದ್ ತಾವ್ಕೆ ಕಣವ್ವ. ಈಗ್ ಬಂದ್ಬುಟ್ಟೆ."

ಮಠ ಎಡಕ್ಕಿತ್ತು. ಅವಳು ಬಲಕ್ಕೆ, ಮೊರ ಹೆಣೆಯುವ ಮೇದರ ಕೇರಿಯ ಕಡೆಗೆ ತಿರುಗಿದಳು. ಹಿಂದಿರುಗಿದಾಗ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇರಲಿಲ್ಲ. ಲಿಂಗವನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು.

"ಕರಡಿಗೆ ಎಲ್ಲಿ?"

"ಬಾರ ಆಯ್ತಿತ್ತು. ತೆಗ್ದಿಟ್ಟೆ."

ಅದೂ ಅರಕಲಗೂಡಿಗೇ. ರೇವಮ್ಮನಿಗೆ ಒಲೆಯ ಮುಂದೆ ಕೂರಲಾಗಲಿಲ್ಲ. ಗಂಡ ರುದ್ರಯ್ಯ ತೆಂಗಿನಕಾಯಿ ಮಂಡಿಯಿಂದ ಬಂದು ಊಟಕ್ಕೆ ಕೂತದ್ದೇ ತಡ, ಶುರುಮಾಡಿದಳು.

"ನಿಮ್ಮವ್ವ ಈ ಮನೇನೇ ಒತ್ಕೊಂಡೋಗಿ ಮಗಳ ಮನೆಗೆ ಸುರೀತಾವ್ರೆ."

"ಸುಮ್ಕಿರೇ. ಅವ್ವ ಅಂಗ್ ಮಾಡೋಳಲ್ಲ."

"ಕಳ್ತನ ಇಡ್ಕೊಟ್ರೆ?"

ರುದ್ರಯ್ಯ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಇಡ್ಕೊಟ್ರೆ ಮಗಳ ಮನೇಲೇ ಇರ್ಲಿ. ನಾನೇ ಬಸ್ಸತ್ತುಸ್ಬುಡ್ತೀನಿ, ಸಾಕಾ?"

ಸಾಕಿತ್ತು. ಮರುದಿನ ಅವಳು ಅಡುಗೆಗೂ ನೀಲಾಂಬಿಕೆಯ ಬಾಗಿನಕ್ಕೂ ಬೇಕಾದ ಬೇಳೆಯನ್ನು ಡಬ್ಬಕ್ಕೆ ತೆಗೆದಿಟ್ಟಳು. ಮಡಕೆಯಲ್ಲಿ ಉಳಿದದ್ದಕ್ಕೆ ಒಂದು ಹಿಡಿ ಕೆಂಪು ಗುಲಗಂಜಿ ಬೆರೆಸಿದಳು. ಬೇಳೆ ಎಲ್ಲಿಗೆ ಹೋದರೂ ಇನ್ನು ಗುರುತು ಸಿಕ್ಕುತ್ತದೆ. ಉಗ್ರಾಣಕ್ಕೆ ಕಿಟಕಿಯಿಲ್ಲ. ಯುದ್ಧ ಶುರುವಾದ ಮೇಲೆ ದೀಪಕ್ಕೆ ಸೀಮೆಎಣ್ಣೆಯೂ ಸಿಕ್ಕುತ್ತಿರಲಿಲ್ಲ. ಅತ್ತೆಯ ಕಣ್ಣು ಮೊದಲೇ ಮಂಜು. ಸೂಜಿಗೆ ದಾರ ಪೋಣಿಸಲೂ ಸೊಸೆಯನ್ನೇ ಕರೆಯುವವಳು.

ಹಬ್ಬದ ಹಿಂದಿನ ದಿನ ಮಡಕೆ ಇನ್ನಷ್ಟು ಇಳಿಯಿತು. ರೇವಮ್ಮ ನಕ್ಕಳು.

ನಕ್ಕರೂ ಅವಳ ಕಾಲು ಒಂದೆಡೆ ನಿಲ್ಲಲಿಲ್ಲ. ಹಬ್ಬದ ಬೆಳಿಗ್ಗೆ ಬಾಗಿಲಿಗೂ ಒಲೆಗೂ ಓಡಾಡಿದಳು. ನುಗ್ಗೇಹಳ್ಳಿಯ ತವರಿನಿಂದ ಅವಳ ಬಾಗಿನವೂ ಬರಬೇಕಿತ್ತು. ಅವಳ ಅವ್ವ ಸತ್ತ ವರ್ಷ ಅದು ಹೊತ್ತು ಮುಳುಗಿದರೂ ಬಂದಿರಲಿಲ್ಲ. ಅನ್ನ ಮುಟ್ಟದೆ ಹೊಸ್ತಿಲಲ್ಲೇ ಕೂತಿದ್ದಳು. ಎದುರುಮನೆಯ ಕಮಲಾಕ್ಷಮ್ಮ ಮೇಲಿಂದ ಮೇಲೆ ಇಣುಕಿ, "ಬಂತೇನ್ರೀ ರೇವಮ್ಮ?" ಎಂದು ಕೇಳಿದ್ದಳು. ಬಂದದ್ದು ಮರುದಿನ. ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ದಾರಿಯಲ್ಲಿ ಕೆಟ್ಟಿತ್ತೆಂದು ತಂದುಕೊಟ್ಟ ಕೂಲಿಯವನು ಹೇಳಿದ್ದ. ಅವ್ವ ಹೋದಮೇಲೆ ಅಣ್ಣ ಗಂಗಾಧರಯ್ಯ ಒಮ್ಮೆಯೂ ಈ ಕಡೆ ತಲೆಹಾಕಿರಲಿಲ್ಲ. ಆದರೆ ಬಾಗಿನ ತಪ್ಪಿಸಿರಲಿಲ್ಲ. ಅದನ್ನು ಅವಳು ಬೀದಿಗೆಲ್ಲ ಹೇಳಿಕೊಂಡಿದ್ದಳು.

ಈ ಸಲ ಬೆಳಗ್ಗೆಯೇ ಬಂತು. ಕೂಲಿಯವನು ಮೊರವನ್ನು ಜಗಲಿಯ ಮೇಲಿಟ್ಟು ಹೋದ.

ನೀಲಾಂಬಿಕೆ ಬಂದಳು. ಬೀದಿಯ ಹೆಂಗಸರು ಪಡಸಾಲೆ ತುಂಬಿದರು. ರುದ್ರಯ್ಯ ಕಂಬಕ್ಕೆ ಒರಗಿ ನಿಂತ. ನಾದಿನಿ ಬಾಗಿನ ತೆಗೆದುಕೊಂಡು ಏಳುವಷ್ಟರಲ್ಲಿ ರೇವಮ್ಮ ಅವಳ ಬಟ್ಟೆಯ ಗಂಟಿಗೆ ಕೈ ಹಾಕಿದಳು.

"ಇದ್ರಾಗೇನದೆ ನೀಲಾ? ಒಸಿ ನೋಡವ."

"ಯಾಕತ್ಗೆ, ನನ್ನೇನ್ ಕಳ್ಳಿ ಅನ್ಕಂಡ್ರಾ?" ನೀಲಾಂಬಿಕೆ ನಗುತ್ತಲೇ ಗಂಟು ಕೊಡವಿದಳು. ಒಂದು ಸೀರೆ, ಮಗುವಿನ ಎರಡು ಅಂಗಿ. ಬೇಳೆಯಿಲ್ಲ, ಕರಡಿಗೆಯಿಲ್ಲ. ಇನ್ನೊಂದು ಮೊರವೂ ಇಲ್ಲ.

"ಮುಗೀತಾ?" ಎಂದ ರುದ್ರಯ್ಯ.

ಹೆಂಗಸರು ಮುಖ ಮುಖ ನೋಡಿಕೊಂಡರು. ಮಾತು ಮರೆಸಲು ರೇವಮ್ಮ ತನ್ನ ಬಾಗಿನವನ್ನು ಪಡಸಾಲೆಯ ನಡುವಿಗೆ ಎಳೆದಳು. "ಅದಿರ್ಲಿ. ತವರು ಅಂದ್ರೆ ಎಂಗಿರ್ಬೇಕು, ತೋರುಸ್ತೀನಿ ಬನ್ನಿ."

"ಈಗ್ಯಾಕವ್ವ?" ಮೂಲೆಯಲ್ಲಿದ್ದ ಗುರುಸಿದ್ದಮ್ಮ ಎದ್ದೇ ನಿಂತಳು. "ಗೌರಮ್ಮನ್ ಮುಂದಿಟ್ಟು ನಾಳಿಕ್ ಬಿಚ್ಚೀವಂತೆ."

"ನಿಮಗ್ಯಾಕತ್ತೆ ಒಟ್ಟೆಕಿಚ್ಚು? ನಮ್ಮಣ್ಣ ಕಳ್ಸಿರದು. ಮುತ್ತೈದೆ ಕೈಲಿ ತುಂಬ್ಸಿರದು."

ದಾರ ಹರಿದಳು. ಹಸಿರು ಬಳೆ, ಬಾಚಣಿಗೆ, ಬೆಲ್ಲದ ಅಚ್ಚು, ರೇಷ್ಮೆ ಅಂಚಿನ ರವಿಕೆ ಕಣ.

"ಈ ಕಾಲ್ದಲ್ಲಿ ಇಂಥಾ ಬಟ್ಟೆ! ಏನು ಮಾರಿ ತಂದ್ರೋ!" ಎಂದಳು ಕಮಲಾಕ್ಷಮ್ಮ.

ರೇವಮ್ಮ ತಲೆಯೆತ್ತಿ ಒಬ್ಬೊಬ್ಬರನ್ನೂ ನೋಡಿದಳು. ಕೊನೆಗೆ ಅತ್ತೆಯನ್ನು ನೋಡಿದಳು. ನೋಡುತ್ತಲೇ ಬೇಳೆಯ ಪೊಟ್ಟಣ ಬಿಚ್ಚಿ ಮೊರಕ್ಕೆ ಸುರಿದಳು.

ಹಳದಿ ಬೇಳೆಯ ಜೊತೆ ಕೆಂಪು ಗುಲಗಂಜಿಗಳು ಉರುಳಿದವು.