ಟೋಪಿ ಕೇಳುವ ಪ್ರಶ್ನೆ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಕ್ಕನ ಮಗಳು ಸುಮೇಧಾಗೆ ಇಲ್ಲದ ದನಿಗಳು ಕೇಳುತ್ತಿದ್ದವು, ಈಗ ನಿಂತಿವೆ. ಆದರೂ ದಿನಾ ಬೆಳಿಗ್ಗೆ ಆಸ್ಪತ್ರೆಯವರು ಕೊಟ್ಟ ಸ್ಕ್ಯಾನ್ ಟೋಪಿ ಹಾಕಿಕೊಳ್ಳಬೇಕು. ಅದು ಒಪ್ಪಿದರಷ್ಟೇ ಕಾಲೇಜು. ಮಿದುಳನ್ನೆಲ್ಲ ನೋಡಿ ಮುಗಿಸಿ ಟೋಪಿ ಕೇಳುತ್ತದೆ: “ಕಣ್ಣಿಗೆ ಕಾಣದವರು ಯಾರಾದರೂ ಮಾತಾಡಿದರಾ?”

“ನೀನೇ ಮಾತಾಡ್ತಿದೀಯಲ್ಲ!” ಅನ್ನುತ್ತಾಳೆ ಇವಳು.

ಕೆಂಪು ದೀಪ. ಒಂಬತ್ತು ದಿನದಿಂದ ಇದೇ ಗೋಳು. ಇವತ್ತು ಪರೀಕ್ಷೆ ಬೇರೆ.

“ಇಲ್ಲ ಅಂದ್ಬಿಡೇ, ಮಾರಾಯ್ತಿ!”

“ಸುಳ್ಳು ಹೇಳೋಕೆ ನಾನೇನು ನೀನಾ, ಮಾಮ?”

ರೇಗಿಹೋಗಿ ಟೋಪಿಯ ದನಿ ಬಂದ್ ಮಾಡಿದೆ. ಎದುರಿಗೆ ಕೂತು ಅದೇ ಪ್ರಶ್ನೆಯನ್ನು ನಾನೇ ಕೇಳಿದೆ.

“ಇಲ್ಲ ಮಾಮ,” ಅಂದಳು. ಹಸಿರು ದೀಪ!

“ನೋಡಿದ್ಯಾ? ಈ ಉಪಾಯಕ್ಕೆ ಟೋಪಿ ಕಂಪನಿಯವರು ನನ್ನನ್ನ ಆನೆ ಮೇಲೆ ಕೂರಿಸಿ, ಮುಂದೆ ಹದಿನಾರು ಜನ ವಾಲಗದವರು—”

ಸುಮೇಧಾ ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿಬಿಟ್ಟಿದ್ದಳು.