ಬಾಯಿ ಬಿಡದ ಯಂತ್ರ

“ದುಡ್ಡು ನಂದು. ಕೊಡೋಕೆ ಮುಂಚೆ ಈ ಮಿಷನ್ನ ನನ್ನ ಓಲೆ ಇಟ್ಟು ನೋಡ್ತೀನಿ,” ಎಂದು ಎಲೋಯಿಸಾ ಎರಡೂ ಕಿವಿಯ ಓಲೆ ಬಿಚ್ಚಿ ಅಂಗಳದ ಮರಳಿನ ಮೇಲಿಟ್ಟಾಗ ಅವಳ ಗಂಡ ಲಿಬ್ರಾದೊನ ಎದೆ ಧಸಕ್ಕೆಂದಿತು. ಮದುವೆಯಲ್ಲಿ ಅವನೇ ತೊಡಿಸಿದ ಓಲೆ. ಸೊನೋರಾದ ಮರಳುಗಾಡಿನಲ್ಲಿ ತನಗೆ ಸಿಕ್ಕ ಮೊದಲ ಚಿನ್ನದಿಂದ ಮಾಡಿಸಿದ್ದು ಎಂದು ಚರ್ಚಿನ ಬಾಗಿಲಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ್ದ. ಆ ಚಿನ್ನವೋ, ಮದುವೆಗೆ ಇನ್ನೂ ಒಂದು ವಾರವಿರುವಾಗಲೇ ಕುದುರೆ ಪಂದ್ಯದ ಪಾಲಾಗಿತ್ತು. ತೊಡಿಸಿದ್ದು ಕಬೋರ್ಕಾ ಪೇಟೆಯ ಹಿತ್ತಾಳೆ. ಇಪ್ಪತ್ತೆರಡು ವರ್ಷದಿಂದ ಆ ಗುಟ್ಟನ್ನು ನುಂಗಿಕೊಂಡು ಕೂತಿದ್ದ.

ಮೆಸ್ಕೀಟ್ ಮರದ ನೆರಳಿನಲ್ಲಿ ಎರಡು ಮೆಟಲ್ ಡಿಟೆಕ್ಟರ್‌ಗಳು ಒರಗಿ ನಿಂತಿದ್ದವು. ಅವನ್ನು ತಂದವನು ಎಫ್ರೇನ್. ಚಿನ್ನ ಹುಡುಕುವವರಿಗೆ ಯಂತ್ರ ಮಾರುವವನೂ ಅವನೇ, ಅವರು ತಂದ ಚಿನ್ನ ಕೊಳ್ಳುವವನೂ ಅವನೇ. ಲಿಬ್ರಾದೊ ಇಷ್ಟು ವರ್ಷ ತಿದಿ ಒತ್ತಿ, ಅದರ ಗಾಳಿಗೆ ಮರಳು ತೂರಿ ಸಾಸಿವೆಯಷ್ಟು, ಎಳ್ಳಿನಷ್ಟು ಚಿನ್ನ ಹೆಕ್ಕಿದವನು. ಅಕ್ಕಪಕ್ಕದವರೆಲ್ಲ ಯಂತ್ರ ಹಿಡಿದು ಕಡಲೆಕಾಳಿನಷ್ಟು ಚಿನ್ನ ತರುವುದನ್ನು ನೋಡಿ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಆದರೆ ಹಣದ ಗಂಟು ಇದ್ದದ್ದು ತೋರ್ತಿಯಾ ರೊಟ್ಟಿ ತಟ್ಟಿ ಮಾರುವ ಹೆಂಡತಿಯ ಕೈಯಲ್ಲಿ.

ಎಫ್ರೇನ್ ಆಗಲೇ ತನ್ನ ಆಟ ತೋರಿಸಿದ್ದ. ಚಿಕ್ಕ ಯಂತ್ರ ಮೊಳೆಗೂ ಕಿರುಚಿತು, ಸೋಡಾ ಮುಚ್ಚಳಕ್ಕೂ ಕಿರುಚಿತು. ದೊಡ್ಡದು, ದುಪ್ಪಟ್ಟು ಬೆಲೆಯದು, ಅವನ್ನೆಲ್ಲ ಮೂಸಿಯೂ ನೋಡಲಿಲ್ಲ. ಪ್ಲಾಸ್ಟಿಕ್ ಬಿಲ್ಲೆಗೆ ಅಂಟಿಸಿದ್ದ ಹುಣಸೆಬೀಜದಷ್ಟು ಚಿನ್ನ ಮುಂದೆ ಹಿಡಿದಾಗ ಮಾತ್ರ ಇಂಪಾಗಿ ಕೂಗಿತು.

“ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಇದಕ್ಕೆ ಚೆನ್ನಾಗಿ ಗೊತ್ತು ಅಕ್ಕಾ,” ಎಂದಿದ್ದ ಎಫ್ರೇನ್. “ಕಸಕ್ಕೆ ಬಾಯಿ ಬಿಡಲ್ಲ. ಚಿನ್ನಕ್ಕೆ ಮಾತ್ರ. ನಮ್ಮವ್ವನಾಣೆ.”

ಈಗ ಓಲೆಯ ಸರದಿ. ಚಿಕ್ಕದು ಕಿರುಚಿದ ಅಬ್ಬರಕ್ಕೆ ಕೋಳಿಗಳು ಬೇಲಿ ಹಾರಿದವು. ದೊಡ್ಡದನ್ನು ಓಲೆಯ ಮೇಲೆ ಮೂರು ಸಲ ಆಡಿಸಿದ್ದಾಯಿತು. ಅದು ಉಸಿರೆತ್ತಲಿಲ್ಲ.

“ಏನಪ್ಪಾ, ನಿನ್ನ ಮಿಷನ್‌ಗೆ ಕಿವಿ ಮಂದವೋ?” ಎಂದಳು ಎಲೋಯಿಸಾ.

ಎಫ್ರೇನ್ ಟೋಪಿ ತೆಗೆದು ಬೆವರೊರೆಸಿಕೊಂಡು ಆಕಾಶ ನೋಡಿದ. ಮಾರಾಟ ಕೆಡುವ ಮಾತು ಅವನ ಬಾಯಿಂದ ಎಂದೂ ಬಂದದ್ದಿಲ್ಲ. ಲಿಬ್ರಾದೊನಿಗೆ ಅತ್ತ ದರಿ, ಇತ್ತ ಪುಲಿ. ಯಂತ್ರ ಕೆಟ್ಟದ್ದು ಎಂದರೆ ಮಾನ ಉಳಿಯುತ್ತದೆ, ಯಂತ್ರ ಹೋಗುತ್ತದೆ. ಆದರೆ ಹೆದರಿಕೆಯ ಜೊತೆಗೇ ಅವನಿಗೆ ಆ ಯಂತ್ರದ ಮೇಲೆ ಭಕ್ತಿ ಹುಟ್ಟಿಬಿಟ್ಟಿತ್ತು. ಊರಿಗೆ ಊರೇ ಮೋಸ ಹೋದ ಹಿತ್ತಾಳೆಯನ್ನು ಕ್ಷಣದಲ್ಲಿ ಕಂಡುಹಿಡಿಯಿತಲ್ಲ! ಇದೊಂದು ಕೈಯಲ್ಲಿದ್ದರೆ ಮರಳುಗಾಡು ತನ್ನದೇ.

“ಮಿಷನ್ ತಪ್ಪಿಲ್ಲ ಎಲೋಯಿಸಾ,” ಎಂದುಬಿಟ್ಟ. “ಓಲೆ ಹಿತ್ತಾಳೆ. ಚಿನ್ನ ಕುದುರೆ ಮೇಲೆ ಕಳ್ಕೊಂಡೆ. ತಪ್ಪಾಯ್ತು, ಬೇಕಾದ್ರೆ ಹೊಡಿ. ಆದ್ರೆ ನೋಡು, ಎಂಥಾ ಮಿಷನ್ನು! ಎಷ್ಟ್ ಬೇಗ ಹಿಡೀತು!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಅನುಮಾನಪಟ್ಟಿದ್ದು ಯಂತ್ರದ ಮೇಲೆ.

ಎಲೋಯಿಸಾ ಕೂಗಾಡಲಿಲ್ಲ. ಬಗ್ಗಿ ಓಲೆ ಎತ್ತಿ, ಮರಳು ಊದಿ, ಎಫ್ರೇನನ ಅಂಗೈಯಲ್ಲಿಟ್ಟಳು. “ನೀನು ಚಿನ್ನ ಕೊಳ್ಳೋನು. ಏನಿದು, ಹೇಳು.”

ಎಫ್ರೇನ್ ಕೈಯಲ್ಲೇ ತೂಗಿದ, ಬಿಸಿಲಿಗೆ ಹಿಡಿದ. ಅವನ ಮುಖ ಸಪ್ಪಗಾಯಿತು. “ಚಿನ್ನಾನೇ ಅಕ್ಕಾ. ಒಳ್ಳೇ ಚಿನ್ನ. ಇಷ್ಟು ತೆಳ್ಳಗಿದ್ರೆ ಈ ಮಿಷನ್‌ಗೆ... ಒಂದೊಂದ್ಸಲ ಗೊತ್ತಾಗಲ್ಲ.”

“ಆಗಲೇ ಹೇಳೋಕೆ ನಿನಗೇನಾಗಿತ್ತು ರೋಗ?” ಎಂದು ಅವನಿಗೆ ಹೇಳಿ ಅವಳು ಗಂಡನ ಕಡೆ ತಿರುಗಿದಳು. “ನೀನು ಕೊಟ್ಟ ಹಿತ್ತಾಳೆ ಎರಡನೇ ಬೇಸಿಗೆ ಬೆವರಿಗೇ ಹಸಿರಾಗಿ ನನ್ನ ಕಿವಿ ಕೀವು ಕಟ್ಟಿತ್ತು. ತೋರ್ತಿಯಾ ಮಾರಿದ ದುಡ್ಡಲ್ಲಿ ಅಂಥದ್ದೇ ಚಿನ್ನದ್ದು ಮಾಡಿಸಿ ಹಾಕ್ಕೊಂಡೆ.”

ಲಿಬ್ರಾದೊ ಎಫ್ರೇನನ ಅಂಗೈಯಲ್ಲಿದ್ದ ಓಲೆಯನ್ನು ಬಗ್ಗಿ ನೋಡಿದ. “ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ವಲ್ಲೇ?”

“ನನ್ನ ಕಿವಿ ಕಂಡ್ರೆ ಸಾಕು, ನೀನು ತಲೆ ತಗ್ಗಿಸ್ಕೊಂಡು ತಿದಿ ಹೊತ್ಕೊಂಡು ಕೆಲಸಕ್ಕೆ ಹೊರಡ್ತಿದ್ದೆ. ಕೇಳಿದ್ರೆ ಮನೇಲೇ ಕೂತ್ಬಿಡ್ತಿದ್ದೆ,” ಎಂದು ಅವಳು ನಕ್ಕಳು. ಎಫ್ರೇನನೂ ನಗಲು ಹೋದ. ಅಷ್ಟರಲ್ಲಿ ಅವಳ ನಗು ನಿಂತಿತು. ಅವಳಿಗೆ ನಿಜಕ್ಕೂ ನೋವಾಗಿತ್ತು. “ಒಂದಲ್ಲ ಒಂದಿನ ನೀನಾಗೇ ಹೇಳ್ತೀಯ ಅಂತ ಕಾದೆ ಲಿಬ್ರಾದೊ. ಇವತ್ತು ಹೇಳ್ದೆ. ನನಗೋಸ್ಕರ ಅಲ್ಲ, ಮಿಷನ್‌ಗೋಸ್ಕರ.”

ಎಲೋಯಿಸಾ ಎಫ್ರೇನನ ಕೈಯಿಂದ ಓಲೆಗಳನ್ನು ತೆಗೆದು ಒಂದೊಂದಾಗಿ ಕಿವಿಗೆ ಹಾಕಿಕೊಂಡಳು. ಅಡುಗೆಯ ಮೇಲಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡು, ಅದರ ಜೇಬಿನಿಂದ ಹಣದ ಗಂಟು ತೆಗೆದು, ಚಿಕ್ಕ ಯಂತ್ರದ ಕಡೆ ಬೆರಳು ತೋರಿಸಿದಳು.

“ಆ ಕಿರುಚೋದನ್ನೇ ಕೊಡಪ್ಪಾ. ಇವನು ಒಂದೊಂದು ಮೊಳೆಗೂ ಅಗೀಲಿ. ಅಗೆದು, ಕೈಯಲ್ಲಿ ಹಿಡ್ಕೊಂಡು ನೋಡಿ, ಆಮೇಲೆ ಹೇಳ್ಲಿ, ಹಿತ್ತಾಳೆನೋ ಚಿನ್ನಾನೋ ಅಂತ.”