ಮಂತ್ರಿ ಕೈ ಮುಗಿದ ಮಧ್ಯಾಹ್ನ

ಹೊಸ ಶಾಮಿಯಾನದ ಬಟ್ಟೆಯ ವಾಸನೆ ಬಡಿದರೆ ನನಗೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಆ ಮಂತ್ರಿ ನಮ್ಮ ಹಳ್ಳಿಯವರೇ. ಮೊದಲ ಚುನಾವಣೆಗೆ ನಿಂತಾಗ ಮನೆ ಮನೆಗೆ ನಡೆದು ಬಂದು, ಅವ್ವ ಬಡಿದ ರೊಟ್ಟಿ ಉಂಡು, ಅವಳನ್ನು ತಂಗಿ ಎಂದು ಕರೆದಿದ್ದರಂತೆ. ನಾವು ದುಡಿಯಲು ಮಡಗಾಂವಿನ ಮೋತಿ ಡೊಂಗರ್ ಕೊಳೆಗೇರಿಗೆ ಬರುವಷ್ಟರಲ್ಲಿ ಅವರು ದಿಲ್ಲಿಯಲ್ಲಿ ದೊಡ್ಡ ಮಂತ್ರಿಯಾಗಿದ್ದರು. ಒಂದು ಮಧ್ಯಾಹ್ನ ಅವರ ಕಾರು ನಮ್ಮ ರಸ್ತೆಯಲ್ಲಿ ಹಾದುಹೋಗುವುದಿತ್ತು. ನಮ್ಮ ತಗಡಿನ ಮನೆಗಳು ಕಾಣಬಾರದೆಂದು ಅಧಿಕಾರಿಗಳು ಬೆಳಿಗ್ಗೆಯೇ ರಸ್ತೆಯುದ್ದಕ್ಕೂ ಹೊಸ ಶಾಮಿಯಾನದ ಬಟ್ಟೆಯ ಬಣ್ಣದ ಪರದೆ ಕಟ್ಟಿಸಿದ್ದರು.

"ನಮ್ಮ ಮಾರಿ ನೋಡಾಕ ಅವಗೇನು ನಾಚಿಕಿ?" ಎಂದು ಅವ್ವ ಕುಡುಗೋಲಿನಿಂದ ಪರದೆ ಸೀಳಿ, ನಮ್ಮನ್ನೂ ಎಳೆದುಕೊಂಡು ರಸ್ತೆಯ ಅಂಚಿಗೆ ನಿಂತಳು. ಕಾರು ನಿಧಾನವಾಯಿತು. ಮಂತ್ರಿ ನಕ್ಕು, ಕೈ ಮುಗಿದು, ಮುಂದೆ ಹೋದರು.

"ನಮಗೂ ಕೈ ಮುಗದ್ರ ನೋಡ," ಎಂದು ಅಪ್ಪ ಹಿಗ್ಗಿದ.

"ಗುರುತ ಹಿಡದಿದ್ರ ತಲಿ ತಗ್ಗಸ್ತಿದ್ದ," ಎಂದಳು ಅವ್ವ.